ರೆಕ್ಕೆಯೊಳಗಿನ ಜೋಳ

ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ಆ ಬೀದಿಯಲ್ಲಿ ಬದರಿನಾಥನ ಕಾರು ಆರು ವರ್ಷದಿಂದ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಅದಕ್ಕೆಂದು ಕಟ್ಟಿಸಿದ ಗ್ಯಾರೇಜನ್ನು ಒಂದು ವಿಮಾನ ಹಿಡಿದುಕೊಂಡು ಕೂತಿತ್ತು.

ವಿಮಾನವೆಂದು ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಎಲುಬಿನ ಗೂಡು. ಮುಂದೆ ಮೊಂಡು ಮೂತಿ, ಹಿಂದೆ ಸಣ್ಣ ಬಾಲ, ನಡುವೆ ಮಾತ್ರ ಗಬ್ಬದ ಎಮ್ಮೆಯ ಹಾಗೆ ಹೊಟ್ಟೆ. ಕಲ್ಲುನೆಲದಲ್ಲೂ ಇಳಿಯಲೆಂದು ದೊಡ್ಡ ದೊಡ್ಡ ಗಾಲಿಗಳು. ಒಂದು ಪಕ್ಕ ಪೂರ್ತಿ ಬಾಗಿಲು; ಅದನ್ನು ಮೇಲಕ್ಕೆತ್ತಿದರೆ ಒಳಗೆ ಒಂದು ಮಂಚವನ್ನೇ ಹಾಕಬಹುದಿತ್ತು. ಬದರಿನಾಥ ಮೈಸೂರಿನವನು, ಲೋವರ್ ಹಟ್‌ನ ಒಂದು ಸಂಶೋಧನಾಲಯದಲ್ಲಿ ಎಂಜಿನಿಯರು, ವಿಮಾನ ಹಾರಿಸುವ ಲೈಸೆನ್ಸು ಪಡೆದವನು. ಈ ದೇಶದ ಗುಡ್ಡಗಾಡಿನಲ್ಲಿ ಇರುವವರಿಗೆ ಬೇಕಾಗುವುದು ಭಾರದ ಸಾಮಾನಲ್ಲ, ಗಾತ್ರದ ಸಾಮಾನು ಎಂಬುದು ಅವನ ವಾದ. ಫ್ರಿಜ್ಜು, ನೀರಿನ ಟ್ಯಾಂಕು, ಸೋಫಾ, ನಾಯಿಗೂಡು. ಪೇಟೆಯಲ್ಲಿ ಸಿಗುವ ಸಣ್ಣ ವಿಮಾನಗಳು ಇವನ್ನೆಲ್ಲ ಹೊರಬಲ್ಲವು, ಆದರೆ ಅವುಗಳ ಬಾಗಿಲಲ್ಲಿ ಒಂದು ಸೂಟ್‌ಕೇಸು ತೂರಿಸುವುದೇ ಕಷ್ಟ. ಆದ್ದರಿಂದ ಅವನು ಮೊದಲು ಬಾಗಿಲಿನ ಚಿತ್ರ ಬರೆದು, ಆಮೇಲೆ ಅದರ ಸುತ್ತ ವಿಮಾನ ಬರೆದಿದ್ದ.

ಅವನ ಹೆಂಡತಿ ವಸುಂಧರಾ ಅದಕ್ಕೆ 'ಹಾರೋ ಬೀರು' ಎಂದು ಹೆಸರಿಟ್ಟಿದ್ದಳು. ಅದು ಹಾರುವುದನ್ನು ಮಾತ್ರ ಈ ಜನ್ಮದಲ್ಲಿ ನೋಡುವ ಭರವಸೆ ಅವಳಿಗಿರಲಿಲ್ಲ.

ಈರಬಸಪ್ಪನವರು ಆ ಗ್ಯಾರೇಜಿನ ಮುಂದೆ ಮೊದಲ ಸಲ ನಿಂತದ್ದು ೨೦೦೫ರ ಬೇಸಿಗೆಯಲ್ಲಿ. ಗದಗಿನ ಪಕ್ಕದ ಬೆಟಗೇರಿಯಲ್ಲಿ ನಲವತ್ತೈದು ವರ್ಷ ದರ್ಜಿಯಾಗಿದ್ದವರು. ಹೆಂಡತಿ ನೀಲಮ್ಮ ತೀರಿಕೊಂಡ ಐದನೆಯ ತಿಂಗಳಿಗೆ ಮಗ ಮನೋಹರ ಬಂದು ಇಲ್ಲಿಗೆ ಕರೆತಂದಿದ್ದ. ಬೆಳಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ. ಇಷ್ಟು ಮುಗಿಯುವಾಗ ಎಂಟು ಗಂಟೆ. ಮಗ ಸೊಸೆ ರೈಲು ಹಿಡಿದು ವೆಲಿಂಗ್ಟನ್ನಿಗೆ ಕೆಲಸಕ್ಕೆ ಹೋದ ಮೇಲೆ ಸಂಜೆ ಆರರವರೆಗೆ ದಿನವೆಂಬುದು ಬಿಚ್ಚಿಟ್ಟ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು. ಪೂಜೆಯನ್ನೇ ಉದ್ದ ಮಾಡಿ ನೋಡಿದರು. ಶಿವನಿಗೂ ಬೇಸರವಾದೀತೆಂದು ಬಿಟ್ಟರು.

ಆ ದಿನ ತಿರುಗಾಡಲು ಹೋದವರು ಗ್ಯಾರೇಜಿನೊಳಗೆ ಕಂಡದ್ದು ಇಷ್ಟು: ಒಬ್ಬ ಐವತ್ತರ ಗಂಡಸು, ಮೊಳದುದ್ದದ ಒಂದು ಸೂಜಿ, ಮೇಣ ಹಚ್ಚಿದ ದಾರ, ಬಟ್ಟೆ ಹೊದಿಸಿದ ಮೂರಾಳುದ್ದದ ಒಂದು ರೆಕ್ಕೆ. ರೆಕ್ಕೆಯೊಳಗೆ ಸಾಲಾಗಿ ಪಕ್ಕೆಲುಬುಗಳಿದ್ದವು. ಬಟ್ಟೆಯನ್ನು ಆ ಪಕ್ಕೆಲುಬುಗಳಿಗೆ ಎರಡೆರಡು ಬೆರಳಿಗೊಂದರಂತೆ ಗಂಟು ಹಾಕಿ ಹೊಲಿಯಬೇಕು. ಇಲ್ಲದಿದ್ದರೆ ಗಾಳಿಯಲ್ಲಿ ಬಟ್ಟೆ ಎದ್ದುಬಿಡುತ್ತದೆ. ಆ ಗಂಡಸು ಒಂದು ಗಂಟು ಹಾಕುತ್ತಿದ್ದ, ಎರಡು ಬಿಚ್ಚುತ್ತಿದ್ದ. ಈರಬಸಪ್ಪನವರು ಐದು ನಿಮಿಷ ತಡೆದುಕೊಂಡರು. ಆರನೆಯ ನಿಮಿಷಕ್ಕೆ ಒಳಗೆ ಹೋದರು.

"ಹಿಂಗ ಹೊಲದ್ರ ನಿಮ್ಮ ವಿಮಾನ ಲಂಗಾ ಆಗತೈತ್ರಿ," ಎಂದರು. "ಕೊಡ್ರಿ ಇಲ್ಲೆ ಸೂಜಿ."

ಬದರಿನಾಥ ತಿರುಗಿ ನೋಡಿದ. ಹಣೆಯಲ್ಲಿ ವಿಭೂತಿ, ತಲೆಯಲ್ಲಿ ಉಣ್ಣೆಯ ಟೋಪಿ, ಮೈಮೇಲೆ ಮಗನ ಹಳೆಯ ರಗ್ಬಿ ಜಾಕೆಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಕನ್ನಡ. ಅವನು ಸೂಜಿ ಕೊಟ್ಟ.

ಅಲ್ಲಿಂದ ಮುಂದಕ್ಕೆ ಈರಬಸಪ್ಪನವರ ದಿನ ಗ್ಯಾರೇಜಿನಲ್ಲೇ ಕಳೆಯತೊಡಗಿತು. ಶನಿವಾರ ಭಾನುವಾರ ಇಬ್ಬರೂ ಕೂಡಿ ಹೊಲಿಯುವರು: ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ ಈ ಕಡೆ ಈರಬಸಪ್ಪನವರು, ಆ ಕಡೆ ಬದರಿನಾಥ, ಇವರು ಸೂಜಿ ಚುಚ್ಚಿದರೆ ಅವನು ಎಳೆದು ತಿರುಗಿಸಿ ಕಳಿಸುವುದು. ಉಳಿದ ದಿನ ಈರಬಸಪ್ಪನವರು ಒಬ್ಬರೇ ಬಟ್ಟೆ ಕತ್ತರಿಸುವುದು, ಅಂಚು ಮಡಿಸುವುದು, ಇಸ್ತ್ರಿ ಹಾಕಿ ಬಟ್ಟೆಯನ್ನು ಬಿಗಿಗೊಳಿಸುವುದು. ಹದವಾದ ಬಿಸಿ ತಾಗಿದರೆ ಆ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯುತ್ತಿತ್ತು. ಬೆರಳಲ್ಲಿ ಬಡಿದು ನೋಡಿ, ಸ್ವರ ಸರಿಯಿಲ್ಲವೆಂದರೆ ಇನ್ನೊಮ್ಮೆ ಇಸ್ತ್ರಿ ಹಾಕುವರು. ವಸುಂಧರಾ ಅವರಿಗೆ ಕಾಫಿ ತಂದುಕೊಟ್ಟು, ಅಂಕಲ್, ನೀವು ಬಂದ ಮೇಲೆ ಇದು ವಿಮಾನದ ಹಾಗೆ ಕಾಣ್ತಾ ಇದೆ, ಅಲ್ಲಿವರೆಗೂ ನನಗೆ ಕೋಳಿಗೂಡೇ ಕಾಣ್ತಿತ್ತು ಎನ್ನುವಳು. ಕಾಫಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೊಂದಲಿಲ್ಲ. ಈರಬಸಪ್ಪನವರಿಗೆ ಚಹಾ ಬೇಕು. ಚಹಾ ಕುಡಿಯುವವರನ್ನು ಕಂಡರೆ ವಸುಂಧರೆಗೆ ಕನಿಕರ.

ಹೊಲಿಯುವಾಗ ಈರಬಸಪ್ಪನವರಿಗೆ ನೀಲಮ್ಮ ನೆನಪಾಗುತ್ತಿದ್ದಳು. ಅವರು ಅಂಗಡಿಯಲ್ಲಿ ಶರಟು ಚೊಣ್ಣ ಹೊಲಿದರೆ ಅವಳು ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅಂಗಡಿಯ ಚೂರುಪಾರು, ಹಳೆಯ ಸೀರೆ, ಧೋತರ, ಎಲ್ಲ ಪದರು ಪದರಾಗಿ ಸೇರಿ ಅವಳ ಕೈಯಲ್ಲಿ ಕೌದಿಯಾಗುತ್ತಿದ್ದವು. ಕೊನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ನಾಲ್ಕು ಕಾಳು ಜೋಳ ಹಾಕಿ, ಆಮೇಲೆ ಹೊಲಿಗೆ ಮುಗಿಸುವುದು ಅವಳ ಪದ್ಧತಿ; ಅವಳ ತಾಯಿಯ ಪದ್ಧತಿ, ತಾಯಿಯ ತಾಯಿಯ ಪದ್ಧತಿ. ಹಸಿದ ಹೊಟ್ಟೆಯ ಕೌದಿ ಹೊದ್ದವರ ಮನೆಯಲ್ಲಿ ಹಸಿವು ಹೋಗುವುದಿಲ್ಲ ಎನ್ನುವಳು. ಹಾಗಾದರೆ ಶರಟಿನ ಜೇಬಿನಲ್ಲೂ ಒಂದು ರೊಟ್ಟಿ ಇಟ್ಟು ಕೊಡಲೇನು ಎಂದು ಈರಬಸಪ್ಪನವರು ನಗುತ್ತಿದ್ದರು. ನಗಬಾರದಾಗಿತ್ತು ಎಂದು ಈಗ ಅನಿಸುತ್ತಿತ್ತು.

ಇನ್ನು ತೊಟ್ಟಿಲಿನ ವಿಚಾರ.

ಈರಬಸಪ್ಪನವರ ಮಗಳು ವಚನಾ ವೈರರಾಪಾ ಬಯಲಿನ ಆಚೆಯ ಗುಡ್ಡಗಳಲ್ಲಿ ಇದ್ದಳು. ಅವಳ ಗಂಡ ಧನಂಜಯ ಕುರಿತಳಿಯ ವಿಜ್ಞಾನಿ; ಒಂದು ದೊಡ್ಡ ಕುರಿ ಫಾರ್ಮಿನಲ್ಲೇ ಅವರ ವಾಸ. ಚೊಚ್ಚಲ ಹೆರಿಗೆಗೆ ಅವಳು ಅಣ್ಣನ ಮನೆಗೆ ಬಂದಳು. ೨೦೦೬ರ ಏಪ್ರಿಲ್‌ನಲ್ಲಿ ಹೆಣ್ಣುಮಗು ಹುಟ್ಟಿತು. ನಿಧಿ ಎಂದು ಹೆಸರಿಟ್ಟರು. ಐದನೆಯ ತಿಂಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ತೊಟ್ಟಿಲು ಸಮೇತ ಗಂಡನ ಮನೆಗೆ ಕಳಿಸಿಕೊಡುವುದು ತವರಿನ ಕಟ್ಟಳೆ. ತೊಟ್ಟಿಲು ಸಿದ್ಧವಾಗಿಯೇ ಇತ್ತು. ನೀಲಮ್ಮನ ತವರಿನವರು ಕಲಘಟಗಿಯಲ್ಲಿ ಮಾಡಿಸಿ ಕೊಟ್ಟದ್ದು. ಕೆಂಪು ಹಳದಿ ಅರಗಿನ ಬಣ್ಣ, ನಾಲ್ಕೂ ಕಡೆ ಗಿಳಿ, ಬಳ್ಳಿ, ಸುತ್ತ ಸಣ್ಣ ಕಂಬಿಗಳ ಕಟಾಂಜನ. ಮನೋಹರ ಅದರಲ್ಲಿ ಮಲಗಿದ್ದ, ವಚನಾ ಮಲಗಿದ್ದಳು. ಮಗಳ ಮಗುವೂ ಅದರಲ್ಲೇ ಮಲಗಬೇಕೆಂದು ನೀಲಮ್ಮ ಕೊನೆಯ ದಿನಗಳಲ್ಲಿ ಹೇಳಿದ್ದಕ್ಕೆ, ಮನೋಹರ ಸಾಮಾನಿನ ಜೊತೆ ಹಡಗಿನಲ್ಲಿ ತರಿಸಿದ್ದ. ಅದನ್ನು ಬಿಚ್ಚುವ ಹಾಗಿರಲಿಲ್ಲ. ಬೆಣೆ ಕಿತ್ತರೆ ಬಣ್ಣದ ಜೊತೆಗೆ ಗಿಳಿಗಳೂ ಎದ್ದುಬರುತ್ತಿದ್ದವು.

ಆಗಸ್ಟಿನಲ್ಲಿ ಮಳೆ ಹೊಡೆಯಿತು. ಫಾರ್ಮಿನ ದಾರಿಯ ಸೇತುವೆ ಹೊಳೆಯಲ್ಲಿ ಕೊಚ್ಚಿಕೊಂಡು ಹೋಯಿತು. ಹೊಸ ಸೇತುವೆ ಬರುವುದು ಮುಂದಿನ ವರ್ಷವೆಂದಾಯಿತು. ಉಳಿದದ್ದು ಒಬ್ಬರು ದಾಟುವಷ್ಟು ಅಗಲದ ತೂಗುಸೇತುವೆ. ಧನಂಜಯ ಬಂದು ಕೂಸನ್ನು ಎದೆಗೆ ಕಟ್ಟಿಕೊಂಡು, ಹೆಂಡತಿಯ ಕೈಹಿಡಿದು ಅದನ್ನು ದಾಟಿದ. ತೊಟ್ಟಿಲು ಮಾತ್ರ ಮನೋಹರನ ಮನೆಯ ನಡುಮನೆಯಲ್ಲಿ ಉಳಿಯಿತು. ಹೆಲಿಕಾಪ್ಟರಿಗೆ ಹಗ್ಗ ಕಟ್ಟಿ ತೂಗಿಸಿಕೊಂಡು ಒಯ್ಯಬಹುದೆಂದು ಯಾರೋ ಸಲಹೆ ಕೊಟ್ಟರು. ತೂಗುವುದು ತೊಟ್ಟಿಲಿನ ಗುಣವೇ ಇರಬಹುದು, ಆದರೆ ಮುಗಿಲಿನಿಂದ ತೂಗುವುದು ತಮ್ಮ ಮನಸ್ಸಿಗೆ ಒಗ್ಗುವುದಿಲ್ಲವೆಂದು ಈರಬಸಪ್ಪನವರು ಬೇಡವೆಂದುಬಿಟ್ಟರು.

ಇದನ್ನು ಕೇಳಿದ ಬದರಿನಾಥ ಒಂದು ಸಂಜೆ ಟೇಪು ಹಿಡಿದು ಬಂದ. ತೊಟ್ಟಿಲನ್ನು ಉದ್ದ ಅಗಲ ಎತ್ತರ ಮೂರೂ ಅಳೆದ. ಆಮೇಲೆ ಓಡಿಹೋಗಿ ತನ್ನ ವಿಮಾನದ ಬಾಗಿಲನ್ನು ಅಳೆದ. ಆ ಅಳತೆ ಅವನಿಗೆ ನಿದ್ದೆಯಲ್ಲೂ ಬಾಯಿಪಾಠವಿತ್ತು, ಆದರೂ ಅಳೆದ. ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಬಿಟ್ಟು ತೊಟ್ಟಿಲು ಇಡಿಯಾಗಿ ಹಿಡಿಸುತ್ತಿತ್ತು. ಫಾರ್ಮಿನ ಗುಡ್ಡದ ಮೇಲೆ ಗೊಬ್ಬರ ಎರಚುವ ವಿಮಾನಗಳು ಇಳಿಯುವ ಹುಲ್ಲಿನ ಪಟ್ಟಿ ಇದ್ದೇ ಇತ್ತು.

"ಆರು ವರ್ಷದಿಂದ ಕೇಳ್ತಿದೀನಿ, ಇದನ್ನ ಯಾತಕ್ಕೆ ಕಟ್ತಿದೀರಿ ಅಂತ," ಎಂದಳು ವಸುಂಧರಾ. "ಅದಕ್ಕೆ ಉತ್ತರ ಇದ್ದದ್ದು ಕಲಘಟಗಿಯಲ್ಲಿ ನೋಡಿ."

ಆದರೆ ಕಾಲ ಯಾರ ಮನೆಯ ಆಳು? ತೊಟ್ಟಿಲು ಎಷ್ಟು ದಿನದ ಮಾತು. ಕೂಸು ಎದ್ದು ಕೂತು, ಅಂಚು ಹಿಡಿದು ನಿಲ್ಲತೊಡಗಿತೆಂದರೆ ಅದರಲ್ಲಿ ಮಲಗಿಸುವ ಹಾಗಿಲ್ಲ. ನಿಧಿ ಆಗಲೇ ಬೋರಲು ಬೀಳುತ್ತಿದ್ದಾಳೆಂದು ವಚನಾ ಫೋನಿನಲ್ಲಿ ಹೇಳಿದಳು. ವಿಮಾನಕ್ಕೆ ಮೊದಲು ತಪಾಸಣೆಯಾಗಬೇಕು. ಅದಾದ ಮೇಲೆ ಬದರಿನಾಥ ಒಬ್ಬನೇ ನಿಯಮದ ಪ್ರಕಾರ ಇಷ್ಟು ಗಂಟೆ ಅಂತ ಹಾರಿಸಿ ತೋರಿಸಬೇಕು. ಅದಕ್ಕೆ ಒಂದು ತಿಂಗಳು. ತಪಾಸಣೆ ಮಾಡುವ ಕಾಲಿನ್ ಎಂಬಾತ ಅಕ್ಟೋಬರ್ ಕೊನೆಯ ವಾರ ಬಂದು ನೋಡುತ್ತೇನೆಂದಿದ್ದ. ಮರುವಾರ ಕೆನಡಾಕ್ಕೆ ಮಗನನ್ನು ನೋಡಲು ಹೊರಟರೆ ಬರುವುದು ಹೊಸ ವರ್ಷಕ್ಕೆ. ಆ ದಿನ ಅವನು ಸಹಿ ಹಾಕಿದರೆ ಡಿಸೆಂಬರ್ ಮೊದಲಲ್ಲಿ ತೊಟ್ಟಿಲು ಮುಟ್ಟುತ್ತದೆ. ಹಾಕದಿದ್ದರೆ ತೊಟ್ಟಿಲು ಹೋಗುವಷ್ಟರಲ್ಲಿ ಕೂಸು ಎದುರಿಗೆ ಓಡಿಬರುತ್ತದೆ.

ಈರಬಸಪ್ಪನವರು ಆ ಎರಡು ತಿಂಗಳು ಹಬ್ಬದ ಮುಂದಿನ ದರ್ಜಿಯಂತೆ ದುಡಿದರು. ಅಕ್ಟೋಬರ್ ನಡುವಿನಲ್ಲಿ ಎಲ್ಲ ಮುಗಿಯಿತು. ಬಲ ರೆಕ್ಕೆಯ ಬುಡದ ಹತ್ತಿರ, ತಂತಿಗಳನ್ನು ಜೋಡಿಸಲೆಂದು ಬಿಟ್ಟ ಒಂದು ಗೇಣು ಜಾಗ ಮಾತ್ರ ಉಳಿಯಿತು. ಮರುದಿನ ವಿಮಾನವನ್ನು ಬಿಡಿಬಿಡಿಯಾಗಿ ಟ್ರೇಲರಿನಲ್ಲಿ ಹೇರಿ, ಗುಡ್ಡ ದಾಟಿಸಿ, ಮಾಸ್ಟರ್‌ಟನ್ನಿನ ವಿಮಾನ ಮೈದಾನಕ್ಕೆ ಒಯ್ಯುವುದಿತ್ತು. ಬದರಿನಾಥ ತಂತಿ ಜೋಡಿಸಿ, ಇನ್ನು ನೀವು ಮುಚ್ಚಿಬಿಡಿ ಯಜಮಾನ್ರೇ ಎಂದು ಹೇಳಿ ಟ್ರೇಲರು ತರಲು ಹೋದ.

ಈರಬಸಪ್ಪನವರ ಕೈಯಲ್ಲಿ ಸೂಜಿಯಿತ್ತು. ಎದುರಿಗೆ ತೆರೆದ ಗೇಣು ಬಟ್ಟೆ. ಅದರಾಚೆ ಖಾಲಿ ಹೊಟ್ಟೆ. ಮುಚ್ಚಲು ಮನಸ್ಸು ಬರಲಿಲ್ಲ.

ಜೋಳದ ಹಿಟ್ಟು ಲೋವರ್ ಹಟ್‌ನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಕಾಳು ಸಿಗುವುದಿಲ್ಲ. ಆದರೆ ಸೊಸೆ ಹಿತ್ತಲಿನ ಹಕ್ಕಿಗಳಿಗೆಂದು ತಂದ ಕಾಳಿನ ಚೀಲದಲ್ಲಿ ಜೋಳ ಇರುವುದನ್ನು ಅವರು ಎಂದೋ ನೋಡಿಟ್ಟಿದ್ದರು. ಮನೆಗೆ ಹೋಗಿ ರಾಗಿ ನವಣೆಗಳ ನಡುವಿನಿಂದ ಜೋಳ ಆರಿಸಿದರು, ತೊಳೆದರು, ಒರೆಸಿದರು. ನೀಲಮ್ಮನಾದರೆ ನಾಲ್ಕೇ ಕಾಳು ಹಾಕುತ್ತಿದ್ದಳು. ಆದರೆ ಇದು ಹನ್ನೊಂದು ಮೊಳದ ರೆಕ್ಕೆ. ನಾಲ್ಕು ಕಾಳು ಯಾವ ಮೂಲೆಗೆ? ಅವಳು ತಮ್ಮ ಜೊತೆ ಬಾಳಿದ್ದು ನಲವತ್ತಮೂರು ವರ್ಷ. ನಲವತ್ತಮೂರು ಕಾಳು ಎಣಿಸಿ ಅಂಗೈಯಲ್ಲಿ ಹಿಡಿದು ಬಂದು, ಎದೆಯ ಲಿಂಗಕ್ಕೆ ಒಮ್ಮೆ ಮುಟ್ಟಿಸಿ, ಆ ಗೇಣಿನೊಳಗೆ ಸುರಿದರು. ಆಮೇಲೆ ಹೊಲಿದು, ಮೇಲೆ ಪಟ್ಟಿ ಅಂಟಿಸಿ, ತಿಳಿ ಅಂಟು ಬಳಿದರು. ಮನಸ್ಸು ಹಗುರಾಯಿತು. ಯಾರಿಗೂ ಹೇಳಲಿಲ್ಲ. ನೀಲಮ್ಮ ಕೂಡ ಕೌದಿ ಕೊಂಡವರಿಗೆ ಹೇಳುತ್ತಿರಲಿಲ್ಲ.

ಒಂದು ಸಂಗತಿ ಅವರಿಗೆ ಹೊಳೆಯಲಿಲ್ಲ. ಕೌದಿಯ ಹೊಟ್ಟೆಯಲ್ಲಿ ಪದರು ಪದರು ಬಟ್ಟೆ ಇರುತ್ತದೆ. ಕಾಳು ಹಾಕಿದರೆ ಹಾಕಿದಲ್ಲಿ ಕೂರುತ್ತದೆ. ರೆಕ್ಕೆಯ ಹೊಟ್ಟೆಯಲ್ಲಿ ಗಾಳಿಯ ಹೊರತು ಏನೂ ಇರುವುದಿಲ್ಲ.

ಟ್ರೇಲರಿನ ಗಡಗಡದಲ್ಲಿ, ಜೋಡಿಸುವಾಗಿನ ಸುತ್ತಿಗೆಯ ಸದ್ದಿನಲ್ಲಿ ರೆಕ್ಕೆಯೊಳಗಿನ ಸದ್ದು ಯಾರ ಕಿವಿಗೂ ಬೀಳಲಿಲ್ಲ. ತಪಾಸಣೆಯ ದಿನ ಎಲ್ಲರೂ ಮಾಸ್ಟರ್‌ಟನ್ನಿಗೆ ಹೋದರು. ವಸುಂಧರಾ ಚಿತ್ರಾನ್ನ, ಮೊಸರನ್ನ, ಗಾಳಿಗೆ ಹಾರದಂತೆ ಮುಚ್ಚಿದ ಹಪ್ಪಳ ತಂದಿದ್ದಳು. ಕಾಲಿನ್ ಅರವತ್ತು ದಾಟಿದವನು, ಮಾತು ಕಡಿಮೆ. ಬೆಳಗಿನಿಂದ ಪ್ರತಿಯೊಂದು ಬೋಲ್ಟು, ಪ್ರತಿಯೊಂದು ತಂತಿ ನೋಡಿದ. ರೆಕ್ಕೆಯ ಹೊಲಿಗೆಯ ಮೇಲೆ ಬೆರಳಾಡಿಸಿ, ಇದನ್ನು ಯಾರು ಹೊಲಿದದ್ದು ಎಂದು ಕೇಳಿದ. ಬದರಿನಾಥ ತೋರಿಸಿದ. ಇಷ್ಟು ನೇರವಾದ ಹೊಲಿಗೆಯನ್ನು ಈ ಜಿಲ್ಲೆಯಲ್ಲಿ ತಾನು ಕಂಡಿಲ್ಲವೆಂದು ಕಾಲಿನ್ ಹೇಳಿದ ಮಾತನ್ನು ಬದರಿನಾಥ ಕನ್ನಡಕ್ಕೆ ತಿರುಗಿಸುವಾಗ ಈರಬಸಪ್ಪನವರು ಬೇರೆ ಕಡೆ ನೋಡುತ್ತ ಕೇಳಿಸಿಕೊಳ್ಳದವರಂತೆ ನಿಂತರು. ಎರಡನೆಯ ಸಲ ಹೇಳಿದರೆ ಬೇಡವೆನ್ನುವ ಹಾಗೂ ಇರಲಿಲ್ಲ.

ಕೊನೆಗೆ ಉಳಿದದ್ದು ತೂಕ. ಈ ವಿಮಾನ ನೆಲದ ಮೇಲೆ ಮೂತಿ ಮೇಲೆ, ಬಾಲ ಕೆಳಗೆ ಮಾಡಿ ಕೂರುವಂಥದು. ತೂಕ ಮಾಡಬೇಕಾದರೆ ಬಾಲವನ್ನೆತ್ತಿ ಮೈ ಸಮ ಮಾಡಬೇಕು. ಬದರಿನಾಥನೂ ಕಾಲಿನ್ನನೂ ಬಾಲಕ್ಕೆ ಕೈಹಾಕಿ ಮೆಲ್ಲಗೆ ಎತ್ತಿದರು.

ಆಗ ಬಲ ರೆಕ್ಕೆಯೊಳಗೆ ಮಳೆ ಬಂತು.

ಹಿಂದಿನ ಅಂಚಿನಲ್ಲಿ ಗುಂಪಾಗಿ ಕೂತಿದ್ದ ಜೋಳದ ಕಾಳುಗಳು ಮುಂದಕ್ಕೆ ಉರುಳಿದವು. ಈರಬಸಪ್ಪನವರು ಇಸ್ತ್ರಿ ಹಾಕಿ ಸ್ವರ ನೋಡಿ ಬಿಗಿದ ಬಟ್ಟೆ. ಒಂದೊಂದು ಕಾಳೂ ತಮಟೆಯ ಮೇಲೆ ಬಿದ್ದ ಹಾಗೆ ಸದ್ದು ಮಾಡಿತು. ಇಬ್ಬರೂ ಬಾಲ ಇಳಿಸಿದರು. ಮಳೆ ಹಿಂದಕ್ಕೆ ಹೋಯಿತು. ಮತ್ತೆ ಎತ್ತಿದರು. ಮುಂದಕ್ಕೆ ಬಂತು.

ಕಾಲಿನ್ ಪೆನ್ನಿನ ಮುಚ್ಚಳ ಹಾಕಿದ. ಅದೇ ಅಂಕಣದಲ್ಲಿ ರೆಕ್ಕೆಯ ತುದಿಯನ್ನಾಡಿಸುವ ತಂತಿಯೂ ಅದರ ರಾಟೆಯೂ ಇವೆ; ಒಂದು ಸಣ್ಣ ಮೊಳೆ ರಾಟೆಗೆ ಸಿಕ್ಕಿದರೂ ವಿಮಾನ ಒಂದು ಕಡೆಗೆ ವಾಲಿ ಬೀಳುತ್ತದೆ; ಒಳಗಿರುವುದು ಏನು, ಎಲ್ಲಿಂದ ಬಂತು, ಎಷ್ಟು, ಇದು ಗೊತ್ತಾಗದೆ ಸಹಿಯಿಲ್ಲ ಎಂದ. ಬದರಿನಾಥ ರೆಕ್ಕೆಯನ್ನು ತಟ್ಟಿ ಕಿವಿಯಿಟ್ಟ. ಪಕ್ಕೆಲುಬಿನ ರಿವೆಟ್ಟುಗಳು ಬಿಚ್ಚಿಕೊಂಡಿರಬೇಕು, ರೆಕ್ಕೆಯ ಬಟ್ಟೆ ಪೂರ್ತಿ ಹರಿದು ನೋಡಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡು ಚಾಕು ಹುಡುಕತೊಡಗಿದ.

ಅವನ ಕೈಗೆ ಚಾಕು ಸಿಕ್ಕಿದ್ದನ್ನು ಈರಬಸಪ್ಪನವರು ನೋಡಿದರು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇಲಿ ತಂದಿಟ್ಟದ್ದೆಂದು ತಿಳಿದಾರು. ಆದರೆ ಆ ರೆಕ್ಕೆ ಹರಿದರೆ ಮೂರು ತಿಂಗಳ ಹೊಲಿಗೆ ಹೋಯಿತು, ತೊಟ್ಟಿಲೂ ಹೋಯಿತು. ಹೇಳಿದರೆ ಆ ಗ್ಯಾರೇಜಿನಲ್ಲಿ ಇನ್ನು ಯಾರು ತಮ್ಮ ಕೈಗೆ ಸೂಜಿ ಕೊಟ್ಟಾರು? ಅಂಗಿಯ ಮೇಲಿಂದಲೇ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು ಮುಂದೆ ಬಂದರು.

"ಬದರಿನಾಥರ, ಚಾಕು ಕೆಳಗಿಡ್ರಿ," ಎಂದರು. "ಅವು ರಿವೆಟ್ಟಲ್ಲ, ಜ್ವಾಳ. ನಾನ ಹಾಕೇನಿ."

"ಜೋಳ?"

"ಹೌದ್ರಿ. ನಮ್ಮ ನೀಲಮ್ಮ ಕೌದಿಗೆ ಹಾಕತಿದ್ಲು. ಖಾಲಿ ಹೊಟ್ಟಿಲೆ ಹೊರಗ ಕಳಸಬಾರದು ಅಂತ."

ಬದರಿನಾಥ ಚಾಕು ಕೆಳಗಿಟ್ಟ. ವಸುಂಧರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿದ್ದುದು ನಗುವಿಗೋ ಅಳುವಿಗೋ ತಿಳಿಯುವಂತಿರಲಿಲ್ಲ. ಬದರಿನಾಥ ಇದನ್ನೆಲ್ಲ ಇಂಗ್ಲಿಷಿನಲ್ಲಿ ಕಾಲಿನ್ನನಿಗೆ ಹೇಳಲು ಬಹಳ ಹೊತ್ತು ಹಿಡಿಯಿತು. ಕೌದಿ ಎಂದರೇನು ಎಂಬಲ್ಲಿಂದ ಶುರುಮಾಡಿ, ಈರಬಸಪ್ಪನವರು ಹೇಳಿಕೊಟ್ಟ ಹಾಗೆ ಹಕ್ಕಿಗಳ ಕಾಳಿನ ಚೀಲದವರೆಗೆ ಬರಬೇಕಾಯಿತು.

ಕಾಲಿನ್ ಕೇಳಿ ಮುಗಿಸಿ, ಗಲ್ಲ ತುರಿಸಿಕೊಂಡ. ಮೂವತ್ತು ವರ್ಷದಲ್ಲಿ ರೆಕ್ಕೆಗಳೊಳಗೆ ತಾನು ಸ್ಪ್ಯಾನರು ಕಂಡಿದ್ದೇನೆ, ಕಣಜದ ಗೂಡು ಕಂಡಿದ್ದೇನೆ, ಒಬ್ಬನ ಮೂಗಿನ ಕನ್ನಡಕ ಕಂಡಿದ್ದೇನೆ. ರೆಕ್ಕೆಗೆ ಊಟ ಹಾಕಿದವರನ್ನು ಇವತ್ತೇ ಕಂಡದ್ದು ಎಂದ. ಆದರೆ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಹೊಲಿಗೆ ಬಿಚ್ಚಿ ಕಾಳು ತೆಗೆಯಬಹುದು, ಸರಿ. ಎಲ್ಲ ಬಂತೆಂದು ತಿಳಿಯುವುದು ಹೇಗೆ? ಒಂದು ಹಿಡಿ ಎಂದರೆ ಅದರ ಲೆಕ್ಕವೇನು?

ಅವನ ಬೆರಳು ಹಿಡಿಯ ಆಕಾರ ಮಾಡಿದ್ದನ್ನು ನೋಡಿಯೇ ಈರಬಸಪ್ಪನವರಿಗೆ ಪ್ರಶ್ನೆ ತಿಳಿಯಿತು. ಅಳತೆಯ ಇಂಗ್ಲಿಷು ಅವರಿಗೆ ಅಂಗಡಿಯಲ್ಲೇ ಬಂದದ್ದು. ತಾವೇ ಉತ್ತರ ಹೇಳಿದರು.

"ಫಾರ್ಟಿ ತ್ರೀ. ನೋ ಮೋರ್, ನೋ ಲೆಸ್."

ಅಷ್ಟು ಖಂಡಿತವಾಗಿ ಹೇಗೆ ಹೇಳುತ್ತೀರೆಂದು ಕಾಲಿನ್ ಕೇಳಿದ. ಈರಬಸಪ್ಪನವರು ಬದರಿನಾಥನ ಕಡೆ ತಿರುಗಿ, ಆಕಿ ಕೂಡ ಬಾಳಿದ್ದು ಅಷ್ಟ ವರ್ಷರಿ ಎಂದರು. ಬದರಿನಾಥ ಅದನ್ನು ತಿರುಗಿಸಿ ಹೇಳಿದ. ಕಾಲಿನ್, ಹಾಗಾದರೆ ನಲವತ್ತಮೂರು ಎಣಿಸೋಣ, ತನಗೆ ಸಂಜೆಯವರೆಗೆ ಬಿಡುವಿದೆ ಎಂದ.

ಈರಬಸಪ್ಪನವರೇ ತಮ್ಮ ಹೊಲಿಗೆ ಬಿಚ್ಚಿದರು. ಹಾಕುವುದಕ್ಕಿಂತ ಬಿಚ್ಚುವುದು ಕಷ್ಟವಾಯಿತು. ಅಷ್ಟು ಗಟ್ಟಿಯಾಗಿ ಹಾಕಿದ್ದರು. ಒಳಗೆ ಕೈ ಹೋಗುತ್ತಿತ್ತು, ಕಾಳು ಸಿಗುತ್ತಿರಲಿಲ್ಲ. ಆಗ ವಸುಂಧರಾ ಮೈದಾನದ ಕ್ಲಬ್ಬಿನಿಂದ ಕಸ ಹೀರುವ ಯಂತ್ರ ತಂದಳು. ಅದರ ಕೊಳವೆಯ ಬಾಯಿಗೆ ತನ್ನ ತೆಳುವಾದ ಸ್ಕಾರ್ಫು ಕಟ್ಟಿ, ಕಾಳು ಬಟ್ಟೆಗೆ ಅಂಟಲಿ, ಯಂತ್ರದ ಹೊಟ್ಟೆಗೆ ಹೋಗದಿರಲಿ ಎಂದಳು. ಹಾಗೇ ಆಯಿತು. ಒಂದೊಂದು ಸಲಕ್ಕೆ ಮೂರು, ನಾಲ್ಕು ಕಾಳು ಬಂದವು. ಚಿತ್ರಾನ್ನದ ಡಬ್ಬಿಯ ಮುಚ್ಚಳದಲ್ಲಿ ಅವನ್ನಿಟ್ಟು ಕಾಲಿನ್ ಎಣಿಸಿದ. ಜೊತೆಗೆ ಡಬ್ಬಿಯಲ್ಲಿದ್ದುದನ್ನೂ ಒಂದು ಚಮಚ ಒಂದು ಚಮಚವಾಗಿ ಖಾಲಿ ಮಾಡಿದ.

ಮೂವತ್ತು. ಮೂವತ್ತೇಳು. ನಲವತ್ತು. ನಲವತ್ತೊಂದು. ನಲವತ್ತೆರಡು.

ಅಲ್ಲಿಗೆ ನಿಂತಿತು. ಬಾಲ ಎತ್ತಿದರು, ಇಳಿಸಿದರು, ರೆಕ್ಕೆ ತಟ್ಟಿದರು. ಸದ್ದಿಲ್ಲ. ನಲವತ್ತಮೂರನೆಯದು ಇಲ್ಲ. ಬದರಿನಾಥ ಹಣೆಯ ಬೆವರೊರೆಸಿಕೊಂಡು ಕೆಳಗಿನ ಧ್ವನಿಯಲ್ಲಿ, ಎಣಿಸುವಾಗ ಒಂದು ಹೆಚ್ಚುಕಡಿಮೆ ಆಗಿರಬಹುದಲ್ಲ ಯಜಮಾನ್ರೇ ಎಂದ. ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಈರಬಸಪ್ಪನವರು ತಲೆಯಾಡಿಸಿದರು.

"ಇಲ್ರಿ. ವರ್ಷ ನಾನು ಮರ್ತಿಲ್ಲ. ಒಂದು ಅಲ್ಲೇ ಐತಿ."

ಆ ಮಾತು ಬದರಿನಾಥ ತಿರುಗಿಸುವ ಮೊದಲೇ ಕಾಲಿನ್ನನಿಗೆ ಅರ್ಥವಾದಂತಿತ್ತು. ಅವನು ಟಾರ್ಚನ್ನೂ ಹಲ್ಲಿನ ವೈದ್ಯರು ಹಿಡಿಯುವಂಥ ಒಂದು ಉದ್ದ ಹಿಡಿಯ ಕನ್ನಡಿಯನ್ನೂ ಗೇಣಿನೊಳಗೆ ತೂರಿಸಿ, ಮೈ ಬಗ್ಗಿಸಿ, ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಿಯನ್ನು ಈರಬಸಪ್ಪನವರ ಕೈಗೆ ಕೊಟ್ಟ.

ಮೂರನೆಯ ಪಕ್ಕೆಲುಬಿನ ಬುಡದಲ್ಲಿ ಅದು ಕೂತಿತ್ತು. ಅಂದು ಬಳಿದ ಅಂಟಿನ ಒಂದು ಹನಿ ಒಳಗಿಳಿದು ಅದನ್ನು ಹಿಡಿದುಕೊಂಡು, ಅದರ ಸುತ್ತ ಗಾಜಿನಂತೆ ಒಣಗಿತ್ತು. ಮೂಗುತಿಯ ಹರಳಿನ ಹಾಗೆ ಟಾರ್ಚಿನ ಬೆಳಕಿಗೆ ಮಿನುಗುತ್ತಿತ್ತು. ಕಾಲಿನ್ ಒಂದು ಕಡ್ಡಿಯಿಂದ ಅದನ್ನು ಒತ್ತಿ, ತಳ್ಳಿ, ಎಬ್ಬಿಸಲು ನೋಡಿದ. ಕಡ್ಡಿ ಮುರಿಯಿತು.

ಕಾಳನ್ನು ಕಿತ್ತರೆ ಪಕ್ಕೆಲುಬಿಗೆ ಗಾಯವಾಗುತ್ತದೆ, ಅಲುಗಾಡದ ವಸ್ತುವಿನಿಂದ ತನಗೆ ತಕರಾರಿಲ್ಲ ಎಂದ ಕಾಲಿನ್, ಪೆನ್ನಿನ ಮುಚ್ಚಳ ತೆಗೆದ. ವಿಮಾನದ ಪುಸ್ತಕದಲ್ಲಿ ಬರೆದದ್ದನ್ನು ಬದರಿನಾಥ ಕನ್ನಡದಲ್ಲಿ ಓದಿ ಹೇಳಿದ: ಬಲ ರೆಕ್ಕೆ, ಮೂರನೆಯ ಪಕ್ಕೆಲುಬು, ಜೋಳದ ಕಾಳು ಒಂದು, ಭದ್ರವಾಗಿ ಅಂಟಿದೆ, ವಿಮಾನದ ಭಾಗವೆಂದು ಎಣಿಸಿದೆ. ಕೆಳಗೆ ಸಹಿ.

ಈರಬಸಪ್ಪನವರು ಆ ಗೇಣನ್ನು ಮತ್ತೆ ಹೊಲಿಯಲು ಕೂತರು. ಸೂಜಿ ತೆಗೆದುಕೊಳ್ಳಲು ಕೈ ಅನುಮಾನಿಸಿತು. ಬದರಿನಾಥ ಅದನ್ನು ತೆಗೆದು ತಾನೇ ದಾರ ಪೋಣಿಸಿ ಅವರ ಬೆರಳಿಗೆ ಕೊಟ್ಟ. ಕೊಡುವ ಮುಂಚೆ ಮಾತ್ರ, ಜೇಬು ತೋರಿಸಿ ಎಂದು ಎರಡೂ ಜೇಬುಗಳನ್ನು ತಪಾಸಣೆ ಮಾಡಿದ. ವಸುಂಧರಾ ಈ ಸಲ ಸೆರಗು ಅಡ್ಡ ಹಿಡಿಯದೆ ನಕ್ಕಳು; ಆ ನಲವತ್ತೆರಡು ಕಾಳನ್ನು ಮುಚ್ಚಳದ ಸಮೇತ ಕಟ್ಟಿ ಎತ್ತಿಟ್ಟಳು.

ನವೆಂಬರ್ ಪೂರ್ತಿ ಬದರಿನಾಥ ರಜೆ ಹಾಕಿ ಮೈದಾನದ ಮೇಲೆ ಸುತ್ತು ಹಾಕಿದ. ಮೊದಲ ದಿನ ಅದು ನೆಲ ಬಿಟ್ಟದ್ದನ್ನು ವಸುಂಧರಾ ಕಣ್ಣಾರೆ ನೋಡಿದಳು. ಗಂಡ ಇಳಿದು ಬಂದ ಮೇಲೆ, ಹಾಗಾದರೆ ನಾಳೆಯಿಂದ ಕಾರು ಒಳಗಿರಲಿ ಎಂದಳು.

ಡಿಸೆಂಬರ್ ಮೊದಲ ಶನಿವಾರ ಗಾಳಿ ಇರಲಿಲ್ಲ. ಪಕ್ಕದ ಬಾಗಿಲನ್ನು ಮೇಲಕ್ಕೆತ್ತಿ, ಟ್ರೇಲರಿನಲ್ಲಿ ಮೈದಾನಕ್ಕೆ ತಂದ ತೊಟ್ಟಿಲನ್ನು ಒಳಗೆ ಸರಿಸಿದರು. ನಾಲ್ಕು ಬೆರಳು ಬಿಟ್ಟು ಹಿಡಿಸಿತು. ಒಂದು ಗಿಳಿಗೂ ಗೀರು ಬೀಳಲಿಲ್ಲ. ನೀಲಮ್ಮ ಹೊಲಿದ ಕೊನೆಯ ಕೌದಿಯನ್ನು ಅದರಲ್ಲಿ ಹಾಸಿ, ಹಗ್ಗದಿಂದ ಬಿಗಿದರು. ಈರಬಸಪ್ಪನವರು ಬದರಿನಾಥನ ಪಕ್ಕ ಕೂತರು. ನೆಲ ಬಿ‌ಟ್ಟಾಗ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಂಡರು; ಗುಡ್ಡ ದಾಟುವಾಗ ಕಣ್ಣು ತೆರೆದರು. ಕೆಳಗೆ ಹೊಳೆ, ಮುರಿದ ಸೇತುವೆಯ ಎರಡು ಮೋಟು ಕಂಬ, ಎಳ್ಳು ಚೆಲ್ಲಿದಂತೆ ಕುರಿಗಳು. ತಲೆಯ ಮೇಲೆ ತಾವೇ ಹೊಲಿದ ರೆಕ್ಕೆ. ಒಂದು ಹೊಲಿಗೆಯೂ ಎದ್ದಿರಲಿಲ್ಲ. ಅವರು ಅದನ್ನೇ ನೋಡುತ್ತ ಕೂತರು.

ಹುಲ್ಲಿನ ಪಟ್ಟಿಯ ಮೇಲೆ ನಾಲ್ಕು ಸಲ ಪುಟಿದು ವಿಮಾನ ನಿಂತಿತು. ಧನಂಜಯ ಓಡಿಬಂದ, ವಚನಾ ಕೂಸನ್ನು ಎತ್ತಿಕೊಂಡು ಹಿಂದೆ ಬಂದಳು. ತೊಟ್ಟಿಲನ್ನು ಮನೆಗೆ ಒಯ್ದು ಜಗಲಿಯ ತೊಲೆಗೆ ತೂಗುಹಾಕಿದರು. ನಿಧಿಯನ್ನು ಮಲಗಿಸಿದರೆ ಅವಳ ಕಾಲು ಕಟಾಂಜನಕ್ಕೆ ಇನ್ನು ಎರಡು ಬೆರಳು ಬಿಟ್ಟು ನಿಂತಿತು. ಅವಳು ಕೆಂಪು ಗಿಳಿಯನ್ನು ನೋಡಿ, ಹಿಡಿಯಲು ಕೈಚಾಚಿ, ಅದು ಸಿಗಲಿಲ್ಲವೆಂದು ಒಮ್ಮೆ ಬೈದು, ಹೆಬ್ಬೆರಳು ಬಾಯಿಗಿಟ್ಟುಕೊಂಡಳು.

"ಬಹಳ ಆದ್ರ ಒಂದು ತಿಂಗಳು ಹಿಡಸ್ತಾಳಪ್ಪಾ ಇದರಾಗ," ಎಂದಳು ವಚನಾ. ಅವಳ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. "ಅದರ ಸಲುವಾಗಿ ಇಷ್ಟೆಲ್ಲಾ?"

"ಒಂದು ದಿನ ಮಲಗಿದ್ರೂ ಸಾಕಿತ್ತವಾ," ಎಂದರು ಈರಬಸಪ್ಪನವರು. "ನಿಮ್ಮವ್ವ ತಿಂಗಳಾ ಕೊಟ್ಟಾಳ."

ಅವರು ಹಗ್ಗ ಹಿಡಿದು ಮೆಲ್ಲಗೆ ತೂಗಿದರು. ತೊಲೆ ಕಿರುಗುಟ್ಟಿತು. ಕೂಸಿನ ಕಣ್ಣು ಮುಚ್ಚಿತು. ಹೊರಗೆ ಧನಂಜಯ, ಬರುವಾಗ ತುಂಬಿ ಬಂದ ವಿಮಾನ ಹೋಗುವಾಗ ಖಾಲಿ ಯಾಕೆ ಹೋಗಬೇಕು, ಉಣ್ಣೆಯ ನಾಲ್ಕು ಮೂಟೆ ಹಿಡಿಸಬಹುದೇ ಎಂದು ಕೇಳುತ್ತಿದ್ದ. ಬದರಿನಾಥ ಆಗಲೇ ಟೇಪು ತೆಗೆದಿದ್ದ. ಅಷ್ಟರಲ್ಲಿ ಅವನು ತಿರುಗಿ, ಜಗಲಿಯ ಕಡೆಗೆ ಕೂಗಿ ಕರೆದ. ಬಲ ರೆಕ್ಕೆಯ ಮೇಲೆ ಸರಿಯಾಗಿ ಬುಡದ ಹತ್ತಿರ ಎರಡು ಗುಬ್ಬಿಗಳು ಬಂದು ಕೂತು, ಕತ್ತು ಕೊಂಕಿಸಿ ಬಟ್ಟೆಯನ್ನು ನೋಡುತ್ತಿದ್ದವು.

"ಯಜಮಾನ್ರೇ, ಕಾಳಿನ ಯಜಮಾನರು ಬಂದಿದಾರೆ. ಚೀಲದಿಂದ ಕದ್ದದ್ದು ವಾಪಸ್ ಕೊಡಿ ಅಂತಾರೆ."

ಈರಬಸಪ್ಪನವರು ಹಗ್ಗ ಬಿಡದೆ ಕೂತಲ್ಲಿಂದಲೇ ಉತ್ತರ ಕೊಟ್ಟರು. ಕೂಸು ಏಳದಂತೆ, ಮೆಲ್ಲಗೆ.

"ನಲವತ್ತೆರಡು ಡಬ್ಬಿ ಮುಚ್ಚಳದಾಗ ಅದಾವು, ಅವನ್ನ ಕೊಡ್ರಿ. ಒಂದು ಮಾತ್ರ ನೀಲಮ್ಮಂದು. ಅದನ್ನ ಕೇಳಬ್ಯಾಡಂತ ಹೇಳ್ರಿ."